ಮಖಮಲ್ಲಿನ ಕಪ್ಪು

ಸಿಂಧನೂರಿನ ನಮ್ಮ ತರಬೇತಿ ಕೋಣೆಯ ಗೋಡೆಗೆ ಒಂದು ದೊಡ್ಡ ಚಿತ್ರ ತೂಗುಹಾಕಿದ್ದಾರೆ. ಮಖಮಲ್ಲಿನಂಥ ಕಪ್ಪು ಹಿನ್ನೆಲೆ, ಅದರ ಮೇಲೆ ಹಳದಿ-ಹಸಿರಾಗಿ ಹೊಳೆಯುವ ಸಣ್ಣ ಸಣ್ಣ ಕಡ್ಡಿಗಳು. ಹೊಸದಾಗಿ ಕೆಲಸಕ್ಕೆ ಸೇರಿದವರು ಅದರ ಮುಂದೆ ನಿಂತು, "ಇದು ಆಕಾಶದ ಫೋಟೋ ಏನ್ರಿ?" ಅಂತ ಕೇಳುವುದುಂಟು. ಆಕಾಶವಲ್ಲ. ಯಾರದೋ ಎದೆಯಿಂದ ಕೆಮ್ಮಿ ಬಂದ ಕಫ. ಆ ಕಡ್ಡಿಗಳು ಕ್ಷಯದ ರೋಗಾಣು. ಕೆಳಗೆ ಸಣ್ಣ ಅಕ್ಷರದಲ್ಲಿ ನನ್ನ ಹೆಸರಿದೆ. ತೆಗೆದವನು ನಾನು.

ಹೊಸಬರಿಗೆ ಉಪಯೋಗ ಆಗುವಂತೆ ಕ್ಯಾಮೆರಾ ಕೆಲಸದ ಬಗ್ಗೆ ಏನಾದರೂ ಬರೆದುಕೊಡಿ ಎಂದು ಈಗಿನವರು ಕೇಳಿದ್ದಾರೆ. "ಆ ಚಿತ್ರ ಹೆಂಗ ತೆಗದ್ರಿ, ಅದನ್ನ ಬರೀರಿ ಸರ್, ಸಾಕು" ಅಂದರು. ಬರೆಯುತ್ತೇನೆ. ಆದರೆ ಆ ಚಿತ್ರದ ಮುಂದೆ ಹಾದುಹೋಗುವಾಗ ನಾನು ಇವತ್ತಿಗೂ ತಲೆ ತಗ್ಗಿಸಿಕೊಂಡೇ ಹೋಗುತ್ತೇನೆ. ಅದು ಯಾಕೆ ಅನ್ನುವುದನ್ನು ಬಿಟ್ಟು ಬರೆದರೆ ಹೊಸಬರಿಗೆ ಏನೂ ಉಪಯೋಗವಿಲ್ಲ. ಸಂಸ್ಥೆಯ ಹೆಸರು ಬರೆಯುವುದಿಲ್ಲ. ಎದೆರೋಗದವರನ್ನು ನೋಡುವ ಚಿಕ್ಕ ಸಂಸ್ಥೆ. ಲಿಂಗಸುಗೂರು, ಮಸ್ಕಿ, ಸಿಂಧನೂರು ಮೂರು ಕಡೆ ಅದರ ದವಾಖಾನೆಗಳಿದ್ದವು, ಮೂರರಲ್ಲೂ ನಾನು ದುಡಿದೆ. ತಪ್ಪು ನನ್ನದಾಗಿರುವಾಗ ಅದರ ಬೋರ್ಡಿಗೆ ಯಾಕೆ ಮಸಿ.

ನಾನು ಪಾಮನಕಲ್ಲೂರಿನವನು. ನಮ್ಮದು ಮಳೆ ನಂಬಿದ ಹೊಲ, ಅದೂ ಬೇರೆಯವರದು. ನೆಲ್ಲು ಹಚ್ಚುವ ಕಾಲಕ್ಕೆ ಅವ್ವ ಮತ್ತು ನನ್ನ ಅಕ್ಕ ಹುಲಿಗೆಮ್ಮ ಕಾಲುವೆ ಸೀಮೆಗೆ ಕೂಲಿಗೆ ಹೋಗುತ್ತಿದ್ದರು. ಮೊಣಕಾಲುದ್ದ ಕೆಸರಿನಲ್ಲಿ ಹೊತ್ತು ಮೂಡಿದಾಗ ಬಗ್ಗಿದವರು ಹೊತ್ತು ಮುಳುಗುವ ತನಕ ನೆಟ್ಟಗಾಗುತ್ತಿರಲಿಲ್ಲ. ರಾತ್ರಿ ಅವ್ವ ನೆಲದ ಮೇಲೆ ಮಕಾಡೆ ಮಲಗಿ, "ಸೊಂಟ ತುಳೀರಪ್ಪಾ" ಅನ್ನುತ್ತಿದ್ದಳು. ನಾನು ತುಳಿಯುತ್ತಿದ್ದೆ. ಆಗ ಅವಳು ಹೇಳುತ್ತಿದ್ದ ಮಾತು ಒಂದೇ: "ನೀ ಬಗ್ಗೋ ಕೆಲಸಕ್ಕ ಹೋಗಬ್ಯಾಡ. ನಮ್ಮ ಮನ್ಯಾಗ ಒಬ್ಬನಾದ್ರೂ ನೆಟ್ಟಗ ಕುಂತು ಉಣ್ಣಲಿ."

ನಾನು ಓದಿದೆ. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲನೆಯವನು ನಾನೇ. ಆ ಹೆಮ್ಮೆ ಈಗಲೂ ಇದೆ, ಬಚ್ಚಿಡುವುದಿಲ್ಲ. ವಿಜ್ಞಾನದ ಪದವಿ, ಅದರ ಮೇಲೆ ಪ್ರಯೋಗಾಲಯದ ತರಬೇತಿ. ಲಿಂಗಸುಗೂರಿನ ದವಾಖಾನೆಗೆ ಸೇರಿದ ಮೊದಲ ದಿನ ನನ್ನ ಮೇಜಿನ ಮೇಲೆ ಕಫದ ಡಬ್ಬಿಗಳ ಸಾಲು. ಫಿನಾಯಿಲ್ ವಾಸನೆ. ಕಡ್ಡಿಯಿಂದ ಕಫ ತೆಗೆದು ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಸವರಬೇಕು, ಒಣಗಿಸಬೇಕು, ಬಣ್ಣ ಹಾಕಬೇಕು, ಆಮೇಲೆ ಸೂಕ್ಷ್ಮದರ್ಶಕಕ್ಕೆ ಬಗ್ಗಿ ನೋಡಬೇಕು. ಇದಕ್ಕೇನಾ ಓದಿದ್ದು ಅನ್ನಿಸಿತು.

ಊರಿಗೆ ಹೋದಾಗ ಅಪ್ಪ ಕೇಳಿದ, "ಏನು ಕೆಲಸ ಮಾಡ್ತೀಪಾ ಅಲ್ಲಿ?"

ಕಫ ಅನ್ನುವ ಮಾತು ಬಾಯಿಂದ ಬರಲಿಲ್ಲ. "ದುರ್ಬೀನಿನ ಕೆಲಸ" ಅಂದೆ.

ಅಷ್ಟು ಸಾಕಾಯಿತು. ಅಪ್ಪ ಕಟ್ಟೆಯ ಮೇಲೆ ಕೂತು ಎಲ್ಲರಿಗೂ "ನಮ್ಮ ಅಮರಪ್ಪ ದುರ್ಬೀನ್ ಸಾಹೇಬ ಆಗ್ಯಾನ" ಅಂತ ಹೇಳಿಕೊಂಡು ತಿರುಗಿದ. ಅಷ್ಟರಲ್ಲಿ ಮುಕ್ಕುಂದಕ್ಕೆ ಮದುವೆಯಾಗಿ ಹೋಗಿದ್ದ ಅಕ್ಕನೂ ತನ್ನ ಗಂಡನ ಮನೆಯಲ್ಲಿ ಅದನ್ನೇ ಹೇಳಿದಳು. ನಾನು ತಿದ್ದಲಿಲ್ಲ.

ನನಗೆ ಕೆಲಸ ಕಲಿಸಿದವರು ಜಾಹಿದಾ ಮೇಡಂ. ಮೂರೂ ದವಾಖಾನೆಗಳ ಪ್ರಯೋಗಾಲಯಕ್ಕೆ ಅವರೇ ಮುಖ್ಯಸ್ಥರು. ಸಣ್ಣ ಆಳು, ದೊಡ್ಡ ದನಿ. ನನ್ನ ಮುಖ ನೋಡಿಯೇ ಅವರಿಗೆ ತಿಳಿಯಿತು. "ಅಮರಪ್ಪಾ, ಮುಖ ಸಿಂಡರಿಸಬ್ಯಾಡ್ರಿ. ಬಾಯಿಯೊಳಗಿನ ಉಗುಳು ಕೊಟ್ರ ತಿರುಗಿ ಕಳಸ್ರಿ. ಎದಿಯೊಳಗಿಂದ ಬಂದದ್ದು ಕೊಟ್ರ, ಅದು ನಮಗ ಮುತ್ತು." ನಾನು ತಲೆಯಾಡಿಸಿದೆ. ಮುತ್ತು ಅನ್ನಿಸಲು ವರ್ಷಗಳೇ ಬೇಕಾದವು.

ಈಗಿನವರಿಗೆ ಗೊತ್ತಿರಲಿ, ನಮ್ಮ ಕಾಲದ ಹಳೇ ವಿಧಾನದಲ್ಲಿ ರೋಗಾಣು ನೀಲಿ ಹಿನ್ನೆಲೆಯಲ್ಲಿ ಕೆಂಪಗೆ ಕಾಣುತ್ತಿತ್ತು. ಒಂದು ಸ್ಲೈಡ್ ನೋಡಿ ಮುಗಿಸುವುದರಲ್ಲಿ ಕಣ್ಣು ಉರಿಯುತ್ತಿತ್ತು. ಆಮೇಲೆ ಬಂದದ್ದು ಆರಮಿನ್ ಬಣ್ಣ. ಈ ಬಣ್ಣ ಹಾಕಿದ ಸ್ಲೈಡಿನ ಮೇಲೆ ನೀಲಿ ಬೆಳಕು ಬಿಟ್ಟರೆ ರೋಗಾಣು ತಾನೇ ಬೆಳಗುತ್ತದೆ, ಉಳಿದದ್ದೆಲ್ಲ ಕತ್ತಲೆ. ಕತ್ತಲೆಯಲ್ಲಿ ಬೆಂಕಿಕಡ್ಡಿ ಹುಡುಕುವ ಬದಲು, ಹೊತ್ತಿಸಿದ ಕಡ್ಡಿಯನ್ನು ನೋಡಿದ ಹಾಗೆ. ಜಲ್ದಿ ಆಗುತ್ತದೆ, ಹೆಚ್ಚು ಸಿಗುತ್ತದೆ.

ಮೊದಲ ಯಂತ್ರದಲ್ಲಿ ಪಾದರಸದ ದೀಪ ಇತ್ತು. ಅದರ ಗತ್ತೇ ಬೇರೆ. ಹಚ್ಚಿದ ಮೇಲೆ ಬೆಚ್ಚಗಾಗಲು ಹೊತ್ತು ಬೇಕು, ಆರಿದರೆ ಪೂರ್ತಿ ತಣ್ಣಗಾಗುವ ತನಕ ಮತ್ತೆ ಹಚ್ಚುವಂತಿಲ್ಲ. ಲಿಂಗಸುಗೂರಿನಲ್ಲಿ ಕರೆಂಟಿಗೆ ತನ್ನದೇ ಗತ್ತು. ಇಬ್ಬರ ನಡುವೆ ನಾನು. ಹೊರಗೆ ರೋಗಿಗಳು ಕೇಳಿದರೆ ಬಾಗಿಲ ಕಾಯುವ ಹಂಪಣ್ಣ, "ಸಾಹೇಬರ ದೀಪ ಮಲಗೈತಿ, ಎದ್ದ ಮ್ಯಾಲ ಬರ್ರಿ" ಅಂತ ಕಳಿಸುತ್ತಿದ್ದ. ಎಲ್‌ಇಡಿ ದೀಪ ಬಂದಾಗ ನಾನು ಅದಕ್ಕೆ ಮನಸ್ಸಿನಲ್ಲೇ ಕೈ ಮುಗಿದೆ. ಬ್ಯಾಟರಿಯ ಮೇಲೂ ಓಡುತ್ತಿತ್ತು, ಹೊತ್ತಿಕೋ ಅನ್ನುವ ಮೊದಲೇ ಹೊತ್ತುತ್ತಿತ್ತು.

ಅದರ ಹಿಂದೆಯೇ ಬಂತು ಡಿಜಿಟಲ್ ಕ್ಯಾಮೆರಾ. ಸೂಕ್ಷ್ಮದರ್ಶಕದ ನೆತ್ತಿಯ ಮೇಲೆ ಕೂರಿಸಿ, ತಂತಿ ಎಳೆದು ಕಂಪ್ಯೂಟರಿಗೆ ಜೋಡಿಸಿದರೆ ಕಣ್ಣಿಗೆ ಕಾಣುವುದು ತೆರೆಯ ಮೇಲೆ. ನಾನು ಆಗ ಮಸ್ಕಿಯಲ್ಲಿದ್ದೆ. ಹೊಸ ಸೈಕಲ್ ಸಿಕ್ಕ ಹುಡುಗನ ಹಾಗಾದೆ.

ಒಂದು ದಿನ ಬಟ್ಟೆ ಅಂಗಡಿಯ ಸಾಹುಕಾರರೊಬ್ಬರ ಸ್ಲೈಡ್ ಇಟ್ಟಿದ್ದೆ. ತೆರೆಯ ಮೇಲೆ ಅಲ್ಲಲ್ಲಿ ಹೊಳೆಯುವ ಚುಕ್ಕಿ. ಓಡಿಹೋಗಿ ಮೇಡಂರನ್ನು ಕರೆತಂದೆ. "ಮೇಡಂ, ಜಾಸ್ತಿ ಇಲ್ಲ, ಆದ್ರ ಅದಾವ."

ಅವರು ಕೂರಲೂ ಇಲ್ಲ. "ಸ್ಲೈಡ್ ಸರಸ್ರಿ" ಅಂದರು.

ಸರಿಸಿದೆ. ಚುಕ್ಕಿಗಳು ಇದ್ದಲ್ಲೇ ಇದ್ದವು.

"ಇನ್ನೊಮ್ಮೆ ಸರಸ್ರಿ."

ಇದ್ದಲ್ಲೇ ಇದ್ದವು.

"ಸ್ಲೈಡ್ ಜೋಡಿ ಸರಿದದ್ದು ರೋಗಿದು. ನಿಂತಲ್ಲೇ ನಿಂತದ್ದು ಕ್ಯಾಮೆರಾದ್ದು. ಕ್ಯಾಮೆರಾಕ್ಕ ಟಿ.ಬಿ. ಆಗೈತಿ ಅಂತೀರೇನು? ಗುಳಿಗಿ ಬರಕೊಡ್ಲೇನು?"

ಕೋಣೆಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕ ಹಾಗೆ ಮಾಡಿದೆ. ಆಗಿದ್ದದ್ದು ಇಷ್ಟು: ಕ್ಯಾಮೆರಾವನ್ನು ತಾನೇ ಬೆಳಕು ಹೊಂದಿಸಿಕೊಳ್ಳುವಂತೆ ಬಿಟ್ಟಿದ್ದೆ. ಹಾಗೆ ಬಿಟ್ಟ ಕ್ಯಾಮೆರಾ ಕತ್ತಲೆಯನ್ನು ಒಪ್ಪುವುದಿಲ್ಲ. ಖಾಲಿ ಸ್ಲೈಡ್ ಇಟ್ಟರೂ, ಏನಾದರೂ ಕಾಣಲೇಬೇಕು ಅಂತ ಕಣ್ಣು ಅಗಲಿಸಿಕೊಂಡೇ ಕೂರುತ್ತದೆ. ಕೊನೆಗೆ ತನ್ನ ಕಣ್ಣೊಳಗಿನ ಧೂಳನ್ನೇ ತೋರಿಸುತ್ತದೆ. ಅಂದಿನಿಂದ ಕ್ಯಾಮೆರಾ ಬೆಳಕು ಹಿಡಿಯುವ ಹೊತ್ತನ್ನು ನಾನೇ ಕೈಯಿಂದ ಇಡಲು ಕಲಿತೆ. ಎಲ್ಲ ಸ್ಲೈಡಿಗೂ ಒಂದೇ ಅಳತೆ.

ಇನ್ನೊಂದು ಪಾಠ ಕಲಿಸಿದ್ದು ಚಹಾ. ಒಳ್ಳೆಯ ಜಾಗವೊಂದು ಸಿಕ್ಕಿತ್ತು, ಚಿತ್ರ ತೆಗೆಯಬೇಕಿತ್ತು. ನೀಲಿ ಬೆಳಕು ಬಿಟ್ಟಿದ್ದು ಬಿಟ್ಟ ಹಾಗೇ ಚಹಾ ಕುಡಿದು ಬಂದೆ. ಬಂದು ನೋಡಿದರೆ ಕಡ್ಡಿಗಳು ಕಂದಿಹೋಗಿವೆ. ಬೆಳಗಿಸುವ ಬೆಳಕೇ ಆ ಬಣ್ಣವನ್ನು ತಿನ್ನುತ್ತದೆ. ನೋಡದೆ ಇರುವಾಗ ಬೆಳಕು ಮುಚ್ಚಿ. ಈ ಮಾತನ್ನು ಯಂತ್ರದ ಮೇಲೆ ಬರೆದು ಅಂಟಿಸಿದ್ದೇನೆ, ಈಗಲೂ ಇದೆ.

ಇವು ನಗುವ ತಪ್ಪುಗಳು. ಮೇಡಂ ಹೇಳುತ್ತಿದ್ದ ಇನ್ನೊಂದು ಮಾತಿತ್ತು: "ಮೊದಲು ಬಗ್ಗಿ ಕಣ್ಣೀಲೆ ನೋಡ್ರಿ. ಆಮ್ಯಾಲ ಕ್ಯಾಮೆರಾ. ವರದಿ ಬರಿಯೋದು ಕಣ್ಣು ಕಂಡದ್ದರ ಮ್ಯಾಲ." ಅದನ್ನು ಕೇಳಿದಾಗಲೆಲ್ಲ ಹೂಂ ಅಂದೆ.

ಸಿಂಧನೂರಿಗೆ ವರ್ಗವಾಗಿ ಬಂದ ಮೇಲೆ ನನಗೆ ಚಿತ್ರದ ಹುಚ್ಚು ಹತ್ತಿತು. ಸಂಸ್ಥೆಗೆ ಸಹಾಯ ಮಾಡುವ ದೊಡ್ಡವರು ನೋಡಲು ಬರುವವರಿದ್ದರು, ಗೋಡೆಗೆ ಒಂದು ಚಿತ್ರ ಬೇಕಿತ್ತು. ರೋಗಾಣು ತುಂಬಿ ತುಳುಕುವ ಒಂದು ಸ್ಲೈಡ್ ಆರಿಸಿಕೊಂಡೆ. ಕಡ್ಡಿಗಳೇನೋ ಚೆನ್ನಾಗಿ ಹೊಳೆಯುತ್ತಿದ್ದವು, ಆದರೆ ಹಿನ್ನೆಲೆ ಮಾತ್ರ ಸ್ವಲ್ಪ ಬೂದಿ, ಸ್ವಲ್ಪ ಪಾಚಿ ಬಣ್ಣ. ಕಫ ಅಂದಮೇಲೆ ಹಾಗೇ ಇರುತ್ತದೆ. ನನಗೆ ಅದು ಬೇಡವಾಗಿತ್ತು. ತೆರೆಯ ಬದಿಯಲ್ಲಿ ಒಂದು ಪಟ್ಟಿ, ಪಟ್ಟಿಯ ಮೇಲೆ ಎಳೆಯುವ ಒಂದು ಗುಂಡಿ. ಎಳೆದಷ್ಟೂ ಮಂಕಾದದ್ದೆಲ್ಲ ಕಪ್ಪಿಗೆ ಸೇರುತ್ತದೆ, ಹೊಳೆಯುವುದಷ್ಟೇ ಉಳಿಯುತ್ತದೆ. ಎಳೆದೆ. ಬೂದಿ ಹೋಯಿತು. ಇನ್ನಷ್ಟು ಎಳೆದೆ. ಪಾಚಿ ಹೋಯಿತು. ಕಫದ ಗುರುತೇ ಇಲ್ಲದ ಮಖಮಲ್ಲಿನ ಕಪ್ಪು ಬಂತು, ಅದರ ಮೇಲೆ ಬಂಗಾರ ಚೆಲ್ಲಿದ ಹಾಗೆ ಕಡ್ಡಿಗಳು.

ಬಂದವರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ನನ್ನ ಬೆನ್ನು ತಟ್ಟಿದರು. ಆ ದಿನ ಮೇಡಂ ಮಸ್ಕಿಯಲ್ಲಿದ್ದರು. ಇದ್ದಿದ್ದರೆ ಹಿನ್ನೆಲೆ ಎಲ್ಲಿ ಹೋಯಿತು ಅಂತ ಕೇಳುತ್ತಿದ್ದರೇನೋ.

ಚಿತ್ರಕ್ಕೆ ಮಾಡಿದ್ದು ಚಿತ್ರಕ್ಕೇ ಮುಗಿದಿದ್ದರೆ ಇವತ್ತು ಇದನ್ನು ಬರೆಯಬೇಕಿರಲಿಲ್ಲ. ಆ ಗುಂಡಿಯನ್ನು ನಾನು ಹಿಂದಕ್ಕೆ ತರಲಿಲ್ಲ. ತೆರೆ ಅಷ್ಟು ಚೆಂದ ಕಾಣುತ್ತಿತ್ತು, ಅದೇ ಅಳತೆಯನ್ನು ಉಳಿಸಿಟ್ಟೆ. ಮರುದಿನದ ಸ್ಲೈಡ್‌ಗಳನ್ನೂ ತೆರೆಯ ಮೇಲೇ ನೋಡಿದೆ. ಅದರ ಮರುದಿನವೂ.

ಯಾಕೆ ಅಂತ ನನ್ನನ್ನು ನಾನು ಬಹಳ ಸಲ ಕೇಳಿಕೊಂಡಿದ್ದೇನೆ. ಕುತ್ತಿಗೆ ನೋವು ಅಂತ ಹೇಳಬಹುದು. ಕುತ್ತಿಗೆ ನೋವು ಇತ್ತು. ಆದರೆ ಖರೇ ಕಾರಣ ಅದಲ್ಲ. ಕುರ್ಚಿಯಲ್ಲಿ ನೆಟ್ಟಗೆ ಕೂತು, ಕೈಯಲ್ಲಿ ಮೌಸ್ ಹಿಡಿದು ತೆರೆ ನೋಡುವವನು ಸಾಹೇಬನ ಹಾಗೆ ಕಾಣುತ್ತಾನೆ. ಸೂಕ್ಷ್ಮದರ್ಶಕದ ಕಣ್ಣುಗೂಡಿಗೆ ಬಗ್ಗಿದವನು ಕೂಲಿಯವನ ಹಾಗೆ ಕಾಣುತ್ತಾನೆ. ಬಾಗಿಲಿಂದ ಯಾರಾದರೂ ಇಣುಕಿದರೆ ನನ್ನ ಬೆನ್ನು ನೆಟ್ಟಗಿರಬೇಕಿತ್ತು. ಇಷ್ಟೇ.

ದಿನಾ ಬೆಳಿಗ್ಗೆ ನಾವು ಪರೀಕ್ಷೆಯ ಸ್ಲೈಡ್ ಇಟ್ಟು ನೋಡುತ್ತೇವೆ, ರೋಗಾಣು ಇದೆ ಎಂದು ಮೊದಲೇ ಗೊತ್ತಿರುವುದು ಒಂದು, ಇಲ್ಲದ್ದು ಒಂದು. ಎರಡೂ ಸರಿಯಾಗಿ ಬರುತ್ತಿದ್ದವು. ಬಾರದೇ ಏನು? ನಾವು ಇಟ್ಟುಕೊಂಡಿದ್ದದ್ದು ರೋಗಾಣು ಕಿಕ್ಕಿರಿದ ಸ್ಲೈಡ್. ಅದು ಎಂಥ ಕಪ್ಪಿನಲ್ಲೂ ಹೊಳೆಯುತ್ತಿತ್ತು.

ಆ ದಿನಗಳಲ್ಲೇ ಅಕ್ಕ ಬಂದಳು, ನಮ್ಮ ಭಾವ ದೊಡ್ಡಬಸಪ್ಪನ ಜೊತೆ. ಮುಕ್ಕುಂದದಿಂದ ಬಸ್ಸಿನಲ್ಲಿ ಬಂದವಳು ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದು ನಿಂತಳು.

"ಏನಕ್ಕಾ?"

"ಏನಿಲ್ಲೋ, ಕೆಮ್ಮು. ಇವರು ಬಿಡಲಿಲ್ಲ, ನಿನ್ನ ತಮ್ಮನ್ನರ ಕೇಳೋಣ ನಡಿ ಅಂದ್ರು."

ಭಾವ ನನ್ನ ಕೋಣೆಯನ್ನು ಸುತ್ತ ನೋಡಿದ. "ಅಮರಪ್ಪಾ, ದುರ್ಬೀನು ಟಿ.ವಿ. ಆಗೈತಲ್ಲಪಾ."

ನನಗೆ ಖುಷಿಯಾಯಿತು. ಅಕ್ಕನಿಗೆ ಕಫ ಕೊಡಲು ಹೇಳಿ, ನಾನೇ ಸವರಿ, ನಾನೇ ಬಣ್ಣ ಹಾಕಿ, ಇಬ್ಬರನ್ನೂ ತೆರೆಯ ಮುಂದೆ ಕೂರಿಸಿಕೊಂಡೆ. ನನ್ನ ಇಡೀ ನೌಕರಿಯಲ್ಲಿ ಮನೆಯವರು ನನ್ನ ಕೆಲಸ ನೋಡಿದ್ದು ಅದೇ ಮೊದಲು. ಸ್ಲೈಡನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿಸುತ್ತಾ ಹೋದೆ. ಕಪ್ಪು. ಎಲ್ಲೆಲ್ಲೂ ಕಪ್ಪು.

"ನೋಡಕ್ಕಾ. ಕರ್ರಗೈತಿ. ಇದ್ದಿದ್ರ ಆ ಗೋಡಿ ಮ್ಯಾಲಿನ ಚಿತ್ರದಂಗ ಹೊಳೀತಿತ್ತು. ನಿನಗೇನೂ ಇಲ್ಲ."

"ನಾ ಹೇಳಲಿಲ್ಲೇನು?" ಅಂತ ಅಕ್ಕ ಗಂಡನಿಗೆ ಅಂದಳು. "ಸುಮ್ಮನ ಬಸ್ಸಿನ ದುಡ್ಡು ದಂಡ."

"ದಂಡ ಯಾಕ? ನಿನ್ನ ತಮ್ಮನ ಟಿ.ವಿ. ನೋಡಿದಿ" ಅಂದ ಭಾವ. ಮೂವರೂ ನಕ್ಕೆವು. ಕೆಮ್ಮಿನ ಔಷಧಿ ಕೊಡಿಸಿ, ಬಸ್ ಹತ್ತಿಸಿ ಬಂದೆ.

ಆಮೇಲೆ ನಡೆದದ್ದು ನನಗೆ ತಿಳಿದದ್ದು ತಡವಾಗಿ. ಅವರ ಊರಿಗೆ ಬರುವ ಆರೋಗ್ಯ ಕಾರ್ಯಕರ್ತೆ, ಎರಡು ವಾರ ಮೀರಿದ ಕೆಮ್ಮು ಬಿಡಬಾರದು, ಇನ್ನೊಮ್ಮೆ ಕಫ ಕೊಡು ಅಂತ ಹುಲಿಗೆಮ್ಮನ ಬೆನ್ನು ಹತ್ತಿದ್ದಳಂತೆ. ಹುಲಿಗೆಮ್ಮ ಅವಳಿಗೆ ಬೈದು ಕಳಿಸಿದಳಂತೆ: "ನನ್ನ ತಮ್ಮ ಡಿಗ್ರಿ ಓದ್ಯಾನ. ನನ್ನ ಕಣ್ಣ ಮುಂದನ ತೋರ್ಸ್ಯಾನ. ನೀ ಏನು ಅವನಕಿಂತ ಹೆಚ್ಚು ಓದಿಯೇನಬೇ?" ಅಷ್ಟು ನಂಬಿದ್ದಳು. ಆ ಹಂಗಾಮಿನ ನೆಲ್ಲು ಹಚ್ಚುವುದನ್ನೂ ಮುಗಿಸಿದಳು, ಕೆಮ್ಮುತ್ತಲೇ.

ಮತ್ತೆ ಬಂದಾಗ ಭಾವ ಅವಳನ್ನು ಹೊತ್ತುಕೊಂಡೇ ಮೆಟ್ಟಿಲು ಹತ್ತಿದ. ನಮ್ಮ ಹುಲಿಗೆಮ್ಮ ಸೀರೆಯೊಳಗೆ ಎಲ್ಲಿದ್ದಾಳೆ ಅಂತ ಹುಡುಕಬೇಕಿತ್ತು. ಸ್ಲೈಡ್ ಮಾಡಿ ಇಟ್ಟೆ. ತೆರೆಯ ತುಂಬ ಬಂಗಾರ. ಗೋಡೆಯ ಮೇಲಿನ ಚಿತ್ರದ ಹಾಗೇ, ಅದಕ್ಕಿಂತ ಹೆಚ್ಚು. ಅಷ್ಟು ಚೆಂದದ ಸ್ಲೈಡನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಮೇಡಂ ಆ ದಿನ ಸಿಂಧನೂರಿನಲ್ಲೇ ಇದ್ದರು. ಹೋಗಿ ಅವರ ಮುಂದೆ ನಿಂತು, ಅಕ್ಕನ ಮೊದಲ ಸ್ಲೈಡಿನಲ್ಲಿ ಏನೂ ಕಂಡಿರಲಿಲ್ಲ, ಈಗ ತುಂಬಿಕೊಂಡಿದೆ ಅಂತ ಹೇಳಿದೆ. ಅವರು ಹಳೇ ಸ್ಲೈಡ್ ಕೇಳಿದರು. ಮರುಪರೀಕ್ಷೆಗೆಂದು ನೋಡಿದ ಸ್ಲೈಡ್‌ಗಳನ್ನು ಡಬ್ಬಿಯಲ್ಲಿ ಇಟ್ಟಿರುತ್ತೇವೆ. ಅದಕ್ಕೆ ಹೊಸದಾಗಿ ಬಣ್ಣ ಹಾಕಿಸಿದರು, ಬಗ್ಗಿದರು, ನೋಡಿದರು.

"ಬರ್ರಿ" ಅಂದರು.

ಬಗ್ಗಿ ನೋಡಿದೆ. ಕಡ್ಡಿಗಳಿದ್ದವು. ಅಲ್ಲೊಂದು ಇಲ್ಲೊಂದು, ಮಂಕಾಗಿ, ಬೂದಿ ಮುಚ್ಚಿದ ಕೆಂಡದ ಹಾಗೆ, ಆದರೆ ಇದ್ದವು. ತಲೆಯೆತ್ತಿ ತೆರೆ ನೋಡಿದೆ. ಅದೇ ಸ್ಲೈಡು, ಅದೇ ಜಾಗ. ಮಖಮಲ್ಲಿನ ಕಪ್ಪು.

ಮೇಡಂ ಮೌಸ್ ಹಿಡಿದು ಗುಂಡಿಯನ್ನು ಹಿಂದಕ್ಕೆ ಎಳೆದರು. ಕಪ್ಪು ತೆಳುವಾಯಿತು, ಬೂದಿ ಬಂತು, ಪಾಚಿ ಬಂತು. ಪಾಚಿಯ ಜೊತೆ ನನ್ನ ಅಕ್ಕನ ರೋಗವೂ ಬಂತು.

"ಯಾರು ಇಟ್ಟದ್ದು ಇದನ್ನ?"

"ನಾನ ಮೇಡಂ."

"ಚಿತ್ರಕ್ಕ?"

"ಹೌದ್ರಿ."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಕಣ್ಣೀಲೆ ನೋಡಿದ್ರಿಲ್ಲೋ?" ಅಂತ ಒಂದೇ ಮಾತು ಕೇಳಿದರು. ಇಲ್ರಿ ಅಂದೆ. "ನಡೀರಿ, ಈ ಅಳತಿ ಇಟ್ಟು ನೋಡಿದ್ದು ಎಷ್ಟು ಅದಾವೋ ಅಷ್ಟೂ ತಗೀರಿ. ಒಂದೂ ಬಿಡಬ್ಯಾಡ್ರಿ."

ತೆಗೆದೆವು. ಬಗ್ಗಿ ನೋಡಿದೆ, ಕುತ್ತಿಗೆ ಸೆಟೆದುಕೊಳ್ಳುವ ತನಕ ನೋಡಿದೆ, ಮರುದಿನ ಮತ್ತೆ ನೋಡಿದೆ. ಹುಲಿಗೆಮ್ಮನಂಥವರು ಇನ್ನೂ ಇದ್ದರು. ಫೋನಿಗೆ ಸಿಗದವರನ್ನು ಹುಡುಕಿಕೊಂಡು ನಾನೇ ಬಸ್ ಹತ್ತಿದೆ. ಮಸ್ಕಿ ಸಂತೆಯಲ್ಲಿ ಮೆಣಸಿನಕಾಯಿ ಮಾರುತ್ತಿದ್ದ ಒಬ್ಬರ ಮುಂದೆ ಕೂತು, "ನಿಮ್ಮ ಕಫ ಇನ್ನೊಮ್ಮೆ ಬೇಕಾಗೈತ್ರಿ" ಅಂದಾಗ ಅವರು, "ಯಾಕ್ರಿ, ಮೊದಲಿನದು ಕಳದು ಹೋತೇನು?" ಅಂದರು. ತಕ್ಕಡಿ ಕೆಳಗಿಡದೇ ಕೇಳಿದರು. "ಕಳೀಲಿಲ್ರಿ. ನಾನು ಸರಿಯಾಗಿ ನೋಡಲಿಲ್ಲ" ಅಂದೆ. ಅಷ್ಟು ಹೇಳಲು ನನಗೆ ಸಂತೆಯ ಆಚೆ ತುದಿಯಿಂದ ಈಚೆ ತುದಿಗೆ ಎರಡು ಸಲ ಅಡ್ಡಾಡಬೇಕಾಗಿತ್ತು. ಅವರು ಬಂದರು. ಬೇರೆಯವರೂ ಬಂದರು. ಒಬ್ಬರು ಮಾತ್ರ ಊರು ಬಿಟ್ಟು ಹೋಗಿದ್ದರು. ಎಲ್ಲಿಗೆ ಅಂತ ನೆರೆಯವರಿಗೂ ಗೊತ್ತಿರಲಿಲ್ಲ. ಬಸ್ ನಿಲ್ದಾಣದಲ್ಲಿ ಯಾರಾದರೂ ಕೆಮ್ಮಿದರೆ ಈಗಲೂ ತಿರುಗಿ ನೋಡುತ್ತೇನೆ.

ನಮ್ಮ ಕೆಲಸದ ಪದ್ಧತಿ ಬದಲಾದದ್ದು ಅದಾದ ಮೇಲೆಯೇ. ಚಿತ್ರದ ಕಂಪ್ಯೂಟರ್ ಬೇರೆ ಕೋಣೆಗೆ ಹೋಯಿತು. ತೆಗೆದ ಚಿತ್ರವನ್ನು ಇದ್ದ ಹಾಗೇ ಉಳಿಸಬೇಕು, ಚೆಂದ ಮಾಡುವುದೇನಿದ್ದರೂ ನಕಲಿನ ಮೇಲೆ. ಬೆಳಿಗ್ಗೆ ಇಡುವ ಪರೀಕ್ಷೆಯ ಸ್ಲೈಡ್‌ಗಳಿಗೆ ಇನ್ನೊಂದು ಸೇರಿತು, ಬಲು ಮಂಕಾದದ್ದು, ರೋಗಾಣು ಅಲ್ಲೊಂದು ಇಲ್ಲೊಂದು ಇರುವಂಥದ್ದು. ಅದು ಕಂಡರೆ ಮಾತ್ರ ಕೆಲಸ ಶುರು. ಕಿಕ್ಕಿರಿದದ್ದು ಕಾಣುವುದು ದೊಡ್ಡಸ್ತಿಕೆಯಲ್ಲ. ಮೇಲಿನವರು ನನಗೆ ಕೊಟ್ಟ ನೋಟೀಸು, ನಾನು ಬರೆದುಕೊಟ್ಟ ಉತ್ತರ, ಅದರ ಕಥೆ ಇಲ್ಲಿ ಬೇಡ. ಕೊಟ್ಟ ಶಿಕ್ಷೆ ಕಡಿಮೆಯೇ ಆಯಿತು ಅಂತ ನನ್ನ ಲೆಕ್ಕ.

ಅಕ್ಕ ಉಳಿದಳು. ಗುಳಿಗೆ ಒಂದು ದಿನವೂ ತಪ್ಪಿಸದೆ ನುಂಗಿದಳು, ಕಫದ ಸ್ಲೈಡ್ ಕಪ್ಪಾಯಿತು, ಈ ಸಲ ಮೇಡಂ ಮತ್ತು ನಾನು ಇಬ್ಬರೂ ಕಣ್ಣಿಂದ ನೋಡಿದ ಕಪ್ಪು. ಆದರೆ ಒಂದು ಕಡೆಯ ಎದೆ ಸುಕ್ಕುಗಟ್ಟಿಹೋಗಿತ್ತು. ಈಗ ಬಗ್ಗಿದರೆ ಅವಳಿಗೆ ಉಸಿರು ಕಟ್ಟುತ್ತದೆ. ಕಸ ಹೊಡೆಯುವುದೂ ಆಗುವುದಿಲ್ಲ. ನೆಲ್ಲು ಹಚ್ಚುವ ಕಾಲಕ್ಕೆ ಬದುವಿನ ಮೇಲೆ ಕೂತು ಉಳಿದವರನ್ನು ನೋಡುತ್ತಾಳೆ. ನಾನು ಬಗ್ಗಲೊಲ್ಲೆ ಅಂದೆ, ಅವಳಿಗೆ ಬಗ್ಗಲಾಗುವುದಿಲ್ಲ.

ಅವಳಿಗೆ ಸ್ವಲ್ಪ ಚೇತರಿಕೆ ಆದಾಗಲೇ ನಾನು ಮುಕ್ಕುಂದಕ್ಕೆ ಹೋಗಿ ಎಲ್ಲರ ಮುಂದೆ ಹೇಳಿದೆ. ಭಾವ, ಅವನ ಅಣ್ಣ, ಅಣ್ಣನ ಹೆಂಡತಿ, ಎಲ್ಲ ಕೂತಿದ್ದರು. ಮೊದಲ ಸಲವೇ ರೋಗ ಇತ್ತು, ನಾನು ಸರಿಯಾಗಿ ನೋಡಲಿಲ್ಲ ಅಂದೆ. ಹೊಡೆದರೂ ಹೊಡೆಸಿಕೊಳ್ಳಬೇಕು ಅಂತ ಹೋಗಿದ್ದೆ.

ಅಕ್ಕ ನನ್ನ ಮಾತು ಮುಗಿಯಲು ಬಿಡಲಿಲ್ಲ. "ಅವಂದೇನು ತಪ್ಪು? ಆ ಮಶೀನು ಮೋಸ ಮಾಡೈತಿ. ನಾನೂ ನೋಡಿನಲ್ಲ, ಕರ್ರಗ ಇತ್ತು."

"ಮಶೀನಲ್ಲಕ್ಕಾ, ನಾನ..."

"ಸುಮ್ಮಿರಲೇ. ಮಶೀನು ಅಂದ್ರ ಮಶೀನು."

ಭಾವನೂ ತಲೆಯಾಡಿಸಿದ. "ಖರೆ ಐತಪಾ. ನಮ್ಮ ಪಂಪ್‌ಸೆಟ್ಟೂ ಹಂಗ. ನಂಬಿದಾಗ ಕೈ ಕೊಡ್ತೈತಿ."

ಅವರಿಗೆ ಇನ್ನೂ ಬಿಡಿಸಿ ಹೇಳಬೇಕಿತ್ತು. ಗುಂಡಿ, ಕಪ್ಪು, ಕುರ್ಚಿ, ನೆಟ್ಟಗಿನ ಬೆನ್ನು, ಎಲ್ಲ. ಹೇಳಲಿಲ್ಲ. ಅಕ್ಕ ರೊಟ್ಟಿ ತಂದಿಟ್ಟಳು, ತಿಂದೆ. ಆ ಮನೆಯಲ್ಲಿ ಅಂದಿನಿಂದ ಅದೇ ಮಾತು ನಿಂತಿತು: ಮಶೀನು ಮೋಸ ಮಾಡಿತು, ತಮ್ಮ ಹುಡುಕಿ ಔಷಧಿ ಕೊಡಿಸಿದ. ಜಾತ್ರೆಗೆ, ಮದುವೆಗೆ ಹೋದಲ್ಲೆಲ್ಲ ಭಾವ ನನ್ನ ಹೆಗಲ ಮೇಲೆ ಕೈ ಹಾಕಿ, "ಇವ ಇಲ್ಲಾಂದ್ರ ನಮ್ಮಾಕಿ ಇರತಿರಲಿಲ್ಲ" ಅನ್ನುತ್ತಾನೆ. ಆ ಕೈಯ ಭಾರ ನನಗೊಬ್ಬನಿಗೇ ಗೊತ್ತು.

ಅಕ್ಕನ ಮಗಳು ನೀಲಾ ಆಗ ಶಾಲೆಗೆ ಹೋಗುವ ಹುಡುಗಿ. ಅವ್ವನಿಗೆ ದಿನಾ ಗುಳಿಗೆ ಎಣಿಸಿ ಕೊಡುತ್ತಿದ್ದವಳು ಅವಳೇ. ಮುಂದೆ ಏನು ಓದುತ್ತೀ ಅಂದರೆ, "ಮಾಮಾನಂಗ" ಅನ್ನುತ್ತಿದ್ದಳು. ಓದಿದಳು. ಅವರ ಮನೆಯಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ಅವಳು. ಈ ಸಲ ನಮ್ಮ ತರಬೇತಿ ಕೋಣೆಗೆ ಬಂದ ಹೊಸಬರಲ್ಲಿ ಅವಳೂ ಒಬ್ಬಳು. ಗೋಡೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಂಡು, "ನಮ್ಮ ಮಾಮಾ ತಗದದ್ದು" ಅಂತ ಜೊತೆಯವರಿಗೆ ತೋರಿಸಿದಳಂತೆ.

ಹೊಸಬರಿಗೆ ಮಾತಾಡಲು ನನ್ನನ್ನು ಕರೆಸಿದ್ದರು. ಮಾತು ಮುಗಿದು ಎಲ್ಲ ಊಟಕ್ಕೆ ಹೋದರು. ನೀಲಾ ಹೋಗಲಿಲ್ಲ. ಕ್ಯಾಮೆರಾ ಜೋಡಿಸಿದ ಯಂತ್ರದ ಮುಂದೆ ಕೂತು, "ಮಾಮಾ, ನೀವೂ ಕುಂದರ್ರಿ, ನಾ ಒಂದಿಷ್ಟು ನೋಡ್ತೀನಿ" ಅಂದಳು. ಬದಿಯ ಕುರ್ಚಿಯಲ್ಲಿ ಕೂತೆ.

ಅವಳು ಇಟ್ಟದ್ದು ಆ ಮಂಕಾದ ಪರೀಕ್ಷೆಯ ಸ್ಲೈಡು. ತೆರೆಯ ಮೇಲೆ ಬೂದಿ ಹಿನ್ನೆಲೆಯಲ್ಲಿ ಕಡ್ಡಿಗಳು ಅಲ್ಲೊಂದು ಇಲ್ಲೊಂದು ಕಂಡವು. ಅವಳು ಪಟ್ಟಿಯ ಗುಂಡಿ ಹಿಡಿದು ಮುಂದಕ್ಕೆ ಎಳೆದಳು. ಬೂದಿ ಹೋಯಿತು. ಇನ್ನೂ ಎಳೆದಳು. ಕಡ್ಡಿಗಳು ಒಂದೊಂದೇ ಆರಿದವು. ತೆರೆ ಪೂರ್ತಿ ಕಪ್ಪಾಯಿತು, ಚೆಂದದ ಕಪ್ಪು. ಹಿಂದಕ್ಕೆ ಎಳೆದಳು, ಬಂದವು. ಮತ್ತೆ ಮುಂದಕ್ಕೆ, ಹೋದವು. ಅವಳ ಕೈ ಅಲ್ಲೇ ನಿಂತಿತು. ತಿರುಗಿ ಗೋಡೆಯ ಚಿತ್ರ ನೋಡಿದಳು. ಅದರ ಕಪ್ಪನ್ನು ನೋಡಿದಳು.

ಇಷ್ಟು ವರ್ಷ ಯಾರಿಗೆ ಬಿಡಿಸಿ ಹೇಳಲು ಆಗಿರಲಿಲ್ಲವೋ ಅವರ ಮನೆಯ ಹುಡುಗಿ, ನಾನು ಹೇಳದೆಯೇ, ನನ್ನದೇ ಯಂತ್ರದ ಮುಂದೆ ಕೂತು ಅದನ್ನು ಓದುತ್ತಿದ್ದಳು.

"ಮಾಮಾ," ಅಂದಳು. ದನಿ ಸಣ್ಣಗಿತ್ತು. "ಇದು ತಾನಾಗೇ ಸರಿಯೋದಿಲ್ಲಲ್ಲ?"

ಮಶೀನು ಮೋಸ ಮಾಡಿತು ಅಂದರೆ ಮುಗಿಯುತ್ತಿತ್ತು. ಅವಳ ಅವ್ವನೇ ಆ ಮಾತನ್ನು ನನಗಾಗಿ ಇಷ್ಟು ವರ್ಷ ಕಾಪಾಡಿಟ್ಟಿದ್ದಳು.

"ಇಲ್ಲವ್ವ," ಅಂದೆ. "ಕೈಲೆ ಎಳೀಬೇಕು. ನಾನ ಎಳದಿದ್ದೆ."

ಅವಳು ನನ್ನ ಕಡೆ ನೋಡಲಿಲ್ಲ. ಗುಂಡಿಯನ್ನು ಹಿಂದಕ್ಕೆ ತಂದಿಟ್ಟಳು. ತೆರೆ ಆರಿಸಿದಳು. ಮುಂದೆ ಬಿದ್ದಿದ್ದ ಜಡೆಯನ್ನು ಬೆನ್ನ ಮೇಲೆ ಹಾಕಿಕೊಂಡು ಕಣ್ಣುಗೂಡಿಗೆ ಬಗ್ಗಿದಳು. ಒಂದು ಕೈಯಿಂದ ಸ್ಲೈಡನ್ನು ಸರಿಸುತ್ತಾ, ಸಾಲು ಹಿಡಿದು, ಒಂದು ತುದಿಯಿಂದ ನೋಡುತ್ತಾ ಹೋದಳು. ಹೊರಗೆ ಜೊತೆಯವರು ಊಟಕ್ಕೆ ಕರೆದರು. ತಲೆ ಎತ್ತಲಿಲ್ಲ.

ಅವಳ ಅವ್ವ ನೆಲ್ಲು ಹಚ್ಚುವಾಗ ಹೀಗೇ ಬಗ್ಗುತ್ತಿದ್ದಳು, ಹೀಗೇ ಸಾಲು ಹಿಡಿದು. ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದೆ. ಕೂತಿರಲು ಆಗಲಿಲ್ಲ, ಎದ್ದು ನಿಂತೆ.